ನಡಾವಳಿ ಪುಸ್ತಕವಿಲ್ಲದ ಕೋಣೆ

ಓದುಗರ ಪತ್ರ:

"ಮಾನ್ಯ ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಗ್ರೀಸ್ ದೇಶದ ಸಾಲದ ಕಥೆ ಬರೆದವರು ಸಾಲ ಮಾಡಿದವನನ್ನು ಬಿಟ್ಟು ಸಾಲ ಕೊಟ್ಟವನನ್ನೇ ಕಟಕಟೆಯಲ್ಲಿ ನಿಲ್ಲಿಸಿದ್ದಾರೆ. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ದುಡಿದವನು ನಾನು. ಹಾಸಿಗೆ ಇದ್ದಷ್ಟು ಕಾಲು ಚಾಚದವರ ಗತಿ ಏನಾಗುತ್ತದೆಂದು ಕಣ್ಣಾರೆ ಕಂಡಿದ್ದೇನೆ. ಯುರೋಪ್ ಒಕ್ಕೂಟದವರು ಮಾಡಿದ ಒಳ್ಳೆಯ ಕೆಲಸವೆಂದರೆ ದುಡ್ಡಿನ ವಿಚಾರವನ್ನು ಮತ ಕೇಳುವವರ ಕೈಯಿಂದ ಕಿತ್ತು ತಿಳಿದವರ ಕೈಗೆ ಕೊಟ್ಟದ್ದು. ನಮ್ಮಲ್ಲೂ ಅಂಥ ಏರ್ಪಾಡು ಇದ್ದಿದ್ದರೆ ಚುನಾವಣೆ ಬಂದಾಗಲೆಲ್ಲ ಖಜಾನೆ ಸೂರೆಯಾಗುತ್ತಿರಲಿಲ್ಲ. ಕೊನೆಗೊಂದು ಪ್ರಶ್ನೆ: ಅದೇ ಗ್ರೀಸ್ ಇವತ್ತು ಅವಧಿಗೆ ಮುಂಚೆಯೇ ಸಾಲ ತೀರಿಸುತ್ತಿದೆಯಲ್ಲ, ಮದ್ದು ಕಹಿಯಾದರೂ ಕಾಯಿಲೆ ವಾಸಿಯಾಯಿತಲ್ಲವೇ?"
ನಿವೃತ್ತ ಬ್ಯಾಂಕ್ ಅಧಿಕಾರಿ, ದಾವಣಗೆರೆ

ಸಂಪಾದಕರ ಉತ್ತರ:

ಹಿರಿಯರೇ, ತಮ್ಮ ಪತ್ರ ಬಂದು ಮೂರು ವಾರವಾಯಿತು. ನಾಲ್ಕು ಪುಟ, ನೀಲಿ ಶಾಯಿ, ಒಂದು ಪದವನ್ನೂ ಹೊಡೆದು ಹಾಕದ ಲೆಡ್ಜರಿನ ಬರವಣಿಗೆ. ಜಾಗ ಸಾಲದೆ ಸಾರವನ್ನಷ್ಟೇ ಮೇಲೆ ಅಚ್ಚು ಹಾಕಿದ್ದೇವೆ. ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸಬಹುದಿತ್ತು. ಇಷ್ಟು ಶ್ರದ್ಧೆಯಿಂದ ಬರೆದವರಿಗೆ ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ.

ಮೊದಲು ತಮ್ಮ ಮಾತಿನಲ್ಲಿರುವ ಸತ್ಯ. ಗ್ರೀಸಿನ ಸರ್ಕಾರಗಳು ಲೆಕ್ಕ ಮುಚ್ಚಿಟ್ಟಿದ್ದವು. 2001ರಲ್ಲಿ ಯೂರೋ ನಾಣ್ಯ ಬಳಸುವ ದೇಶಗಳ ಸಾಲಿಗೆ ಸೇರುವಾಗ ತೋರಿಸಿದ್ದ ಬಜೆಟ್ ಕೊರತೆಯ ಅಂಕಿಗಳು ಸರಿಯಿರಲಿಲ್ಲವೆಂದು 2004ರಲ್ಲಿ ಬಯಲಾಯಿತು. 2009ರ ಅಕ್ಟೋಬರಿನಲ್ಲಿ ಹೊಸ ಸರ್ಕಾರ ಬಂದು ಕಡತ ತೆರೆದಾಗ ಆ ವರ್ಷದ ಕೊರತೆ ಹಿಂದಿನವರು ಹೇಳಿದ್ದಕ್ಕಿಂತ ಬಹಳ ದೊಡ್ಡದೆಂದು ತಿಳಿಯಿತು. ಲೆಕ್ಕ ಕೊನೆಗೆ ನಿಂತದ್ದು ದೇಶದ ಒಟ್ಟು ಉತ್ಪನ್ನದ ಶೇ 15ರ ಮೇಲೆ. ಇದನ್ನು ಸಮರ್ಥಿಸುವ ಬಾಯಿ ನನ್ನದಲ್ಲ. ಮತದ ಆಸೆಗೆ ಖಜಾನೆ ಬಗೆಯುವವರು ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ.

ಆದರೆ "ತಿಳಿದವರ ಕೈಗೆ ಕೊಟ್ಟದ್ದು" ಎಂದು ಬರೆದಿದ್ದೀರಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. ಯಾರ ಕೈ ಅದು? ಆ ಕೈಗಳು ಎಲ್ಲಿ ಕೂತು ಏನು ಬರೆದವು, ಬರೆದದ್ದನ್ನು ಯಾರ ಮುಂದೆ ಓದಿದವು?

ನನ್ನ ತಂದೆ ನಮ್ಮೂರ ಹಾಲಿನ ಡೈರಿಯ ಕಾರ್ಯದರ್ಶಿಯಾಗಿದ್ದರು. ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಒಂದು ಸಲ ಆಡಳಿತ ಮಂಡಳಿಯವರು ಒಂದು ಸಂಜೆ ಬಾಗಿಲು ಹಾಕಿಕೊಂಡು, ಕಟ್ಟಡದ ಬಾಬ್ತು ಲೀಟರಿಗೆ ಇಷ್ಟು ಪೈಸೆ ಮುರಿದುಕೊಳ್ಳುವುದೆಂದು ತೀರ್ಮಾನಿಸಿದರು. ಕಟ್ಟಡ ಬೇಕಾಗಿತ್ತು, ಉದ್ದೇಶ ಕೆಟ್ಟದ್ದಲ್ಲ. ಬಟವಾಡೆ ದಿನ ಜನಕ್ಕೆ ದುಡ್ಡು ಕಡಿಮೆ ಬಂತು. ಒಂದೇ ಎಮ್ಮೆ ಇಟ್ಟುಕೊಂಡಿದ್ದ ಅಜ್ಜಿಯೊಬ್ಬರು ದುಡ್ಡು ಎಣಿಸಿ, ಮುಷ್ಟಿ ಬಿಗಿ ಮಾಡಿ, "ಯಾರು ಹೇಳಿದ್ದು? ಪುಸ್ತಕ ತಗಿ, ಓದು" ಅಂದರು. ಅಕ್ಷರ ಬಾರದ ಹೆಂಗಸು. ನಡಾವಳಿ ಪುಸ್ತಕ ಅನ್ನುವುದೊಂದು ಇದೆ, ಅದರಲ್ಲಿ ಬರೆಯದೆ ಏನೂ ನಡೆಯಕೂಡದು, ಕೇಳಿದರೆ ಓದಿ ಹೇಳಬೇಕು ಎಂಬುದು ಆಕೆಗೆ ಗೊತ್ತಿತ್ತು. ತಂದೆ ಪುಸ್ತಕ ತೆರೆದರು. ಆ ತಾರೀಕಿನಲ್ಲಿ ಠರಾವು ಇರಲಿಲ್ಲ, ಸೂಚಕರಿಲ್ಲ, ಅನುಮೋದಕರಿಲ್ಲ. ಮುಂದಿನ ವಾರ ಸರ್ವ ಸದಸ್ಯರ ಸಭೆ ಸೇರಿತು. ಜಗಳವೂ ಆಯಿತು. ಕೊನೆಗೆ ಮೊದಲು ಅಂದುಕೊಂಡದ್ದರ ಅರ್ಧ ಮುರಿಯುವುದೆಂದು ಎಲ್ಲರೂ ಒಪ್ಪಿದರು. ಕಟ್ಟಡ ಒಂದು ವರ್ಷ ತಡವಾಗಿ ಎದ್ದಿತು, ಎದ್ದಿತಂತೂ ನಿಜ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಯುರೋಪ್ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸಿಗೆ ಬನ್ನಿ.

ಯೂರೋ ಬಳಸುವ ದೇಶಗಳ ಹಣಕಾಸು ಮಂತ್ರಿಗಳು ಸೇರುವ ಕೂಟಕ್ಕೆ ಯೂರೋಗ್ರೂಪ್ ಎಂದು ಹೆಸರು. ಗ್ರೀಸ್, ಐರ್ಲೆಂಡ್, ಪೋರ್ಚುಗಲ್, ಸೈಪ್ರಸ್ ದೇಶಗಳ ಪಿಂಚಣಿ, ಸಂಬಳ, ತೆರಿಗೆ ಎಲ್ಲದರ ಹಣೆಬರಹ ನಿಷ್ಕರ್ಷೆಯಾದದ್ದು ಈ ಕೂಟದಲ್ಲಿ. ಒಕ್ಕೂಟದ ಒಪ್ಪಂದದಲ್ಲಿ ಇದರ ಬಗ್ಗೆ ಇರುವುದು ಎರಡೇ ವಿಧಿಗಳ ಪುಟ್ಟ ಅನುಬಂಧ. ಮಂತ್ರಿಗಳು "ಅನೌಪಚಾರಿಕವಾಗಿ" ಸೇರತಕ್ಕದ್ದು ಎನ್ನುತ್ತದೆ ಅದು. ನಾವು ಕಾಫಿ ಕುಡಿಯಲು ಸೇರುತ್ತೇವಲ್ಲ, ಕಾನೂನಿನ ಕಣ್ಣಿಗೆ ಅಷ್ಟೇ. ಯಾರು ಏನೆಂದರು ಎಂಬುದರ ನಡಾವಳಿಯನ್ನು ಹೊರಗೆ ಕೊಡುವುದಿಲ್ಲ. ಟೀಕೆ ಹೆಚ್ಚಾದ ಮೇಲೆ 2016ರಿಂದ ಕಾರ್ಯಸೂಚಿ ಮತ್ತು ಅಧ್ಯಕ್ಷರ ಸಾರಾಂಶ ಪತ್ರ ಪ್ರಕಟವಾಗುತ್ತಿವೆ. 2015ರ ಜೂನ್ 27ರಂದು ಇದೇ ಕೂಟ ಗ್ರೀಸಿನ ಮಂತ್ರಿ ಯಾನಿಸ್ ವರೂಫಾಕಿಸ್ ಅವರನ್ನು ಬಿಟ್ಟು ಹೇಳಿಕೆ ಹೊರಡಿಸಿತು. ಒಬ್ಬ ಸದಸ್ಯನನ್ನು ಹೊರಗಿಟ್ಟು ಹೀಗೆ ಮಾಡಬಹುದೇ ಎಂದು ಅವರು ಕೇಳಿದರಂತೆ. ಈ ಕೂಟ ಕಾನೂನಿನಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಇದನ್ನು ಕಟ್ಟಿಹಾಕುವ ನಿಯಮವೂ ಇಲ್ಲ ಎಂದು ಉತ್ತರ ಬಂತೆಂದು ಅವರೇ ಹೇಳಿಕೊಂಡಿದ್ದಾರೆ.

ಅವರೊಬ್ಬರ ಮಾತು ಬೇಡ ಅನ್ನಿ. ಒಕ್ಕೂಟದ ಅತ್ಯುನ್ನತ ನ್ಯಾಯಾಲಯದ ಮಾತನ್ನೇ ತೆಗೆದುಕೊಳ್ಳೋಣ, ಅದಕ್ಕೆ ಸೈಪ್ರಸಿನ ಕಥೆ ಹೇಳಬೇಕು. ತಾವು ಕೌಂಟರಿನಲ್ಲಿ ಕೂತು ಠೇವಣಿದಾರರ ಮುಖ ನೋಡಿದವರು, ಇದನ್ನು ದಯವಿಟ್ಟು ನಿಧಾನವಾಗಿ ಓದಬೇಕು.

2013ರ ಮಾರ್ಚ್. ಸೈಪ್ರಸಿನ ಬ್ಯಾಂಕುಗಳು ಮುಳುಗುತ್ತಿದ್ದವು. ಒಂದು ಶುಕ್ರವಾರ ರಾತ್ರಿಯಿಡೀ ಕೂತ ಯೂರೋಗ್ರೂಪ್ ಶನಿವಾರ ಬೆಳಗಿನ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂತು. ದೇಶದ ಬ್ಯಾಂಕುಗಳಲ್ಲಿ ದುಡ್ಡಿಟ್ಟ ಪ್ರತಿಯೊಬ್ಬರ ಖಾತೆಯಿಂದಲೂ ಒಂದು ಪಾಲು ಕತ್ತರಿಸುವುದು: 1 ಲಕ್ಷ ಯೂರೋಗಿಂತ ಹೆಚ್ಚಿದ್ದವರಿಗೆ ಶೇ 9.9, ಅದಕ್ಕಿಂತ ಕಡಿಮೆ ಇದ್ದವರಿಗೆ ಶೇ 6.75. 1 ಲಕ್ಷ ಯೂರೋವರೆಗಿನ ಠೇವಣಿಗೆ ಭದ್ರತೆ ಉಂಟೆಂದು ಸಾರಿದ್ದು ಇದೇ ಒಕ್ಕೂಟದ ಕಾನೂನು! ಮಗಳ ಮದುವೆಗೆಂದೋ ಮುಪ್ಪಿಗೆಂದೋ ಕೂಡಿಟ್ಟ ಚಿಕ್ಕ ಖಾತೆದಾರನ ಮೇಲೂ ಕತ್ತರಿ ಆಡಿಸಬಹುದೆಂದು ಆ ರಾತ್ರಿ ಕೋಣೆಯಲ್ಲಿದ್ದ ತಿಳಿದವರಿಗೆ ಅನ್ನಿಸಿತು. ತಡೆದವರು ಯಾರು? ಮಾರ್ಚ್ 19ರಂದು ಸೈಪ್ರಸಿನ ಸಂಸತ್ತಿನಲ್ಲಿ ಮಸೂದೆ ಮತಕ್ಕೆ ಬಂದಾಗ ಪರವಾಗಿ ಒಂದೇ ಒಂದು ಕೈ ಏಳಲಿಲ್ಲ. ಮತ ಕೇಳಿ ಗೆದ್ದು ಬಂದವರೇ, ತಾವು ದುಡ್ಡಿನ ಹತ್ತಿರ ಬಿಡಬಾರದು ಎನ್ನುವ ಆ ಮಂದಿಯೇ, ಬಡ ಠೇವಣಿದಾರನನ್ನು ಉಳಿಸಿದರು. ವಾರದೊಳಗೆ ಹೊಸ ಒಪ್ಪಂದವಾಗಿ 1 ಲಕ್ಷದೊಳಗಿನ ಖಾತೆಗಳನ್ನು ಮುಟ್ಟುವುದಿಲ್ಲವೆಂದಾಯಿತು. ದೊಡ್ಡ ಖಾತೆಗಳಲ್ಲಿ ಹಣ ಕಳೆದುಕೊಂಡವರು ಯೂರೋಗ್ರೂಪಿನ ಮೇಲೆ ನಷ್ಟಪರಿಹಾರಕ್ಕೆ ಕೋರ್ಟಿಗೆ ಹೋದರು. 2020ರ ಡಿಸೆಂಬರಿನಲ್ಲಿ ತೀರ್ಪು ಬಂತು. ಯೂರೋಗ್ರೂಪ್ ಒಕ್ಕೂಟದ ಸಂಸ್ಥೆಯಲ್ಲ, ಮಂತ್ರಿಗಳು ಸೇರಿ ಮಾತಾಡುವ ವೇದಿಕೆ ಮಾತ್ರ, ಆದ್ದರಿಂದ ಅದರ ಮೇಲೆ ದಾವೆ ನಡೆಯದು.

ದುಡ್ಡು ಕತ್ತರಿಸುವಾಗ ಇದ್ದ ಕೂಟ ದಾವೆ ಹೂಡುವಾಗ ಇರಲಿಲ್ಲ. ನಮ್ಮೂರ ಅಜ್ಜಿ ಕೇಳಿದ್ದು ಇದನ್ನೇ ಅಲ್ಲವೇ?

ತಿಳಿದವರ ತಿಳಿವಳಿಕೆಯ ಬಗ್ಗೆಯೂ ಒಂದು ಮಾತು. ಕೊರತೆ ಒಟ್ಟು ಉತ್ಪನ್ನದ ಶೇ 3 ಮೀರಕೂಡದು ಎಂಬುದು ಈ ಒಕ್ಕೂಟದ ಮೂಲಮಂತ್ರ. 1992ರಲ್ಲಿ ಮಾಸ್ಟ್ರಿಕ್ಟ್ ಪಟ್ಟಣದಲ್ಲಿ ಸಹಿಯಾದ ಒಪ್ಪಂದದ ಜೊತೆ ಇದು ಬಂತು. ಈ ಮೂರು ಎಲ್ಲಿಂದ ಬಂತೆಂದು ಹುಡುಕಿದರೆ 1981ರ ಪ್ಯಾರಿಸ್ ಸಿಗುತ್ತದೆ. ಮಿತ್ತರಾಂ ಆಗಷ್ಟೇ ಫ್ರಾನ್ಸಿನ ಅಧ್ಯಕ್ಷರಾಗಿದ್ದರು. ಮಂತ್ರಿಗಳ ಬೇಡಿಕೆಗಳನ್ನು ತಡೆಯಲು ಏನಾದರೂ ಒಂದು ಸರಳ ಸೂತ್ರ ಕೊಡಿ ಎಂದು ಹಣಕಾಸು ಇಲಾಖೆಯ ಮೇಲಿನವರು ಕೆಳಗಿನವರನ್ನು ಕೇಳಿದರು. ಆ ಕೆಲಸ ಮಾಡಿದ ಇಬ್ಬರಲ್ಲಿ ಒಬ್ಬರಾದ ಗಿ ಅಬೇಯ್ ಮುಂದೆ ತಾವೇ ಹೇಳಿಕೊಂಡಿದ್ದಾರೆ: ಒಂದು ಗಂಟೆಯೊಳಗೆ ಆದ ಕೆಲಸ, ಹಿಂದೆ ಯಾವ ಅರ್ಥಶಾಸ್ತ್ರದ ಸಿದ್ಧಾಂತವೂ ಇರಲಿಲ್ಲ. ಅದೇ ಅಂಕಿ ಆಮೇಲೆ ಕೋಟ್ಯಂತರ ಜನರ ಬದುಕಿಗೆ ಅಳತೆಗೋಲಾಯಿತು. ನಮ್ಮ ಕರ್ನಾಟಕ 2002ರಲ್ಲಿ, ದೇಶದಲ್ಲೇ ಮೊದಲಿಗೆ, ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದಾಗಲೂ ಅದರಲ್ಲಿ ಬಂದು ಕೂತದ್ದು ಶೇ 3. ಮರುವರ್ಷ ಕೇಂದ್ರದ ಕಾಯ್ದೆಯ ಗುರಿಯೂ ಅದೇ. ಮಿತಿ ಇರಬಾರದೆಂದು ನಾನು ಹೇಳುತ್ತಿಲ್ಲ. ಆ ಮಿತಿ ಎರಡೂವರೆಯೋ ನಾಲ್ಕೋ ಏಕಾಗಬಾರದು ಎಂದು ಕೇಳಿದವನನ್ನು ಅಜ್ಞಾನಿ ಎನ್ನಬೇಡಿ ಅನ್ನುತ್ತಿದ್ದೇನೆ.

ಆ ನಿಯಮವನ್ನು ಮೊದಲು ಮುರಿದ ದೊಡ್ಡವರು ಯಾರು ಗೊತ್ತೇ? ಜರ್ಮನಿ ಮತ್ತು ಫ್ರಾನ್ಸ್. 2003ರ ನವೆಂಬರಿನಲ್ಲಿ ಇವರ ಮೇಲಿನ ಕ್ರಮವನ್ನು ಹಣಕಾಸು ಮಂತ್ರಿಗಳೇ ಸೇರಿ ತಡೆಹಿಡಿದರು, 2005ರಲ್ಲಿ ನಿಯಮವನ್ನೇ ಸಡಿಲ ಮಾಡಿದರು. 2016ರಲ್ಲಿ ಫ್ರಾನ್ಸಿಗೆ ಮತ್ತೆ ರಿಯಾಯಿತಿ ಏಕೆಂದು ಕೇಳಿದಾಗ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ನಿನ ಅಂದಿನ ಅಧ್ಯಕ್ಷ ಯುಂಕರ್ ಕೊಟ್ಟ ಉತ್ತರ: "ಏಕೆಂದರೆ ಅದು ಫ್ರಾನ್ಸ್." ಇದೇ ಯುಂಕರ್ 2015ರ ಜನವರಿಯಲ್ಲಿ, ಗ್ರೀಕರು ಹೊಸ ಸರ್ಕಾರವನ್ನು ಆರಿಸಿ ಇನ್ನೂ ವಾರ ಕಳೆದಿರಲಿಲ್ಲ, ಯುರೋಪಿನ ಒಪ್ಪಂದಗಳಿಗೆ ವಿರುದ್ಧವಾಗಿ ಪ್ರಜಾಸತ್ತಾತ್ಮಕ ಆಯ್ಕೆ ಎಂಬುದು ಇರಲು ಸಾಧ್ಯವಿಲ್ಲ ಎಂದಿದ್ದರು. ಎರಡು ಮಾತನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಇನ್ನು ಮದ್ದಿನ ವಿಚಾರ. 2010ರ ಮೇ ತಿಂಗಳಲ್ಲಿ ಗ್ರೀಸಿಗೆ 11,000 ಕೋಟಿ ಯೂರೋ ಸಾಲ ಮಂಜೂರಾಯಿತು. ಷರತ್ತು ಬರೆದವರು ಯುರೋಪಿಯನ್ ಕಮಿಷನ್, ಯೂರೋ ನಾಣ್ಯದ ಹೊಣೆ ಹೊತ್ತ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಮತ್ತು ಅಂತಾರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್. ಮೂರು ವರ್ಷದ ನಂತರ ಐಎಂಎಫ್ ತನ್ನ ಲೆಕ್ಕವನ್ನು ತಾನೇ ತೆಗೆದು ನೋಡಿ ವರದಿ ಬರೆಯಿತು. 2009ರಿಂದ 2012ರ ನಡುವೆ ಗ್ರೀಸಿನ ಆರ್ಥಿಕತೆ ಶೇ 5.5ರಷ್ಟು ಕುಗ್ಗಬಹುದೆಂದು ಅಂದಾಜಿಸಿದ್ದರು, ಕುಗ್ಗಿದ್ದು ಶೇ 17. ನಿರುದ್ಯೋಗ ಶೇ 15ಕ್ಕೆ ನಿಲ್ಲಬಹುದೆಂದಿದ್ದರು, ಏರಿದ್ದು ಶೇ 25ಕ್ಕೆ. ಅದೇ ವರ್ಷ ಐಎಂಎಫಿನ ಮುಖ್ಯ ಅರ್ಥಶಾಸ್ತ್ರಜ್ಞ ಒಲಿವಿಯೆ ಬ್ಲಾಂಶಾರ್ ಸಹೋದ್ಯೋಗಿಯೊಬ್ಬರ ಜೊತೆ ಸೇರಿ ತಪ್ಪು ಎಲ್ಲಿ ನುಸುಳಿತೆಂದು ತೋರಿಸಿದರು. ಸರ್ಕಾರ ಒಂದು ಯೂರೋ ಖರ್ಚು ಕಡಿದರೆ ದೇಶದ ಆದಾಯ ಸುಮಾರು ಅರ್ಧ ಯೂರೋ ತಗ್ಗುತ್ತದೆಂದು ಲೆಕ್ಕ ಹಾಕಿದ್ದರು. ಆ ಕೆಟ್ಟ ಕಾಲದಲ್ಲಿ ನಿಜಕ್ಕೂ ತಗ್ಗಿದ್ದು ಒಂದು ಯೂರೋಗೂ ಹೆಚ್ಚೆನ್ನುವಷ್ಟು. ಪಿಂಚಣಿ ಕಡಿತವಾದ ಮೇಷ್ಟ್ರು ಅಂಗಡಿಗೆ ಹೋಗುವುದು ಬಿಡುತ್ತಾರೆ, ಅಂಗಡಿಯವನು ಹುಡುಗನನ್ನು ಕೆಲಸದಿಂದ ತೆಗೆಯುತ್ತಾನೆ, ತೆರಿಗೆ ಇಳಿಯುತ್ತದೆ, ಸಾಲದ ಭಾರ ಮತ್ತೆ ಏರುತ್ತದೆ. ಯಾವ ಸಂತೆಯ ವ್ಯಾಪಾರಿಗೂ ಗೊತ್ತಿರುವ ಸಂಗತಿ. ತಪ್ಪನ್ನು ಬರೆದು ಒಪ್ಪಿಕೊಂಡ ಬ್ಲಾಂಶಾರ್ ಬಗ್ಗೆ ನನಗೆ ಗೌರವವಿದೆ. ಆದರೆ ಆ ತಪ್ಪು ಲೆಕ್ಕ ಹಾಕಿದವರನ್ನು ಕುರ್ಚಿಯಿಂದ ಇಳಿಸುವ ದಾರಿ ಅಥೆನ್ಸಿನ ಮತದಾರನಿಗೆ ಇರಲಿಲ್ಲ. ತನ್ನದೇ ಸರ್ಕಾರವನ್ನಷ್ಟೇ ಅವನು ಇಳಿಸಬಹುದಿತ್ತು. ಇಳಿಸಿದ. ಮತ್ತೊಂದು ಬಂತು, ಷರತ್ತುಗಳು ಅವೇ ಉಳಿದವು.

ಈ ವಿಚಾರದಲ್ಲಿ ನನ್ನನ್ನು ಬಹಳ ಕಾಡಿದ ಕಾಗದ 2015ರ ಜುಲೈಯದು. ಜುಲೈ 5ರಂದು ಗ್ರೀಕರು ಜನಮತಗಣನೆಯಲ್ಲಿ ಶೇ 61ಕ್ಕೂ ಹೆಚ್ಚು ಮಂದಿ ಷರತ್ತು ಬೇಡವೆಂದರು. ಬ್ಯಾಂಕುಗಳು ಮುಚ್ಚಿದ್ದವು, ಎಟಿಎಂನಿಂದ ದಿನಕ್ಕೆ 60 ಯೂರೋ ಮಾತ್ರ. ವಾರದ ನಂತರ ಬ್ರಸೆಲ್ಸಿನಲ್ಲಿ ಹದಿನೇಳು ಗಂಟೆ ನಡೆದ ಸಭೆಯ ಕೊನೆಗೆ ಹೊರಟ ಹೇಳಿಕೆಯನ್ನು ನಾನು ಎರಡೆರಡು ಸಲ ಓದಿದ್ದೇನೆ. ಅದರಲ್ಲಿ ಪಿಂಚಣಿ ಇದೆ, ಮಾರಾಟ ತೆರಿಗೆ ಇದೆ, 5,000 ಕೋಟಿ ಯೂರೋ ಮೌಲ್ಯದ ಸರ್ಕಾರಿ ಆಸ್ತಿ ಮಾರುವ ನಿಧಿ ಇದೆ. ನಡುವೆ ಒಂದು ಸಾಲಿನಲ್ಲಿ ಔಷಧಿ ಅಂಗಡಿಗಳ ಒಡೆತನ, ಹಾಲು ಮತ್ತು ಬೇಕರಿ. ಹೌದು, ಹಾಲು. ಅಂಗಡಿಯಲ್ಲಿ ತಾಜಾ ಹಾಲೆಂದು ಎಷ್ಟು ದಿನ ಮಾರಬಹುದು ಎಂಬ ನಿಯಮ ಬದಲಿಸುವ ವಿಚಾರ ಅದು. ಅವಧಿ ಹೆಚ್ಚಿದರೆ ದೂರದ ದೇಶದ ಹಾಲು ಬಂದು ತಮ್ಮ ಕೊಟ್ಟಿಗೆ ಖಾಲಿಯಾಗುತ್ತದೆಂದು ಅಲ್ಲಿನ ರೈತರು ಹೆದರಿದ್ದರು. ಹತ್ತೊಂಬತ್ತು ದೇಶಗಳ ನಾಯಕರು ನಿದ್ದೆಗೆಟ್ಟು ಕೂತು ಒಪ್ಪಿದ ಕಾಗದದಲ್ಲಿ ಗ್ರೀಸಿನ ಹಾಲಿನ ಕ್ಯಾನು! ಡೈರಿಯ ಮೆಟ್ಟಿಲ ಮೇಲೆ ಕೂತು ಬೆಳೆದ ನನಗೆ ಆ ಸಾಲು ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಹಾಲು ಕರೆಯುವವರನ್ನು ಕೇಳಿದವರು ಯಾರು?

ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಪತ್ರಗಳ ಕಥೆಯೂ ಇಂಥದ್ದೇ. 2010ರ ನವೆಂಬರಿನಲ್ಲಿ ಅದರ ಅಧ್ಯಕ್ಷ ತ್ರಿಶೆ ಐರ್ಲೆಂಡಿನ ಹಣಕಾಸು ಮಂತ್ರಿಗೆ ಪತ್ರ ಬರೆದರು: ನೀವು ನೆರವು ಬೇಡಿ ಅರ್ಜಿ ಹಾಕಬೇಕು, ಇಲ್ಲವಾದರೆ ನಿಮ್ಮ ಬ್ಯಾಂಕುಗಳಿಗೆ ತುರ್ತು ಹಣ ಮುಂದುವರಿಯದು. ಆ ಪತ್ರವನ್ನು ಬ್ಯಾಂಕು ಹೊರಗೆ ಬಿಟ್ಟದ್ದು ನಾಲ್ಕು ವರ್ಷದ ಮೇಲೆ. 2011ರ ಆಗಸ್ಟಿನಲ್ಲಿ ಇಟಲಿಯ ಪ್ರಧಾನಿಗೆ ಹೋದ ಗುಟ್ಟಿನ ಪತ್ರದಲ್ಲಿ ಪಿಂಚಣಿ, ಕಾರ್ಮಿಕ ಕಾನೂನು, ಖಾಸಗೀಕರಣದವರೆಗೂ ಪಟ್ಟಿಯಿತ್ತು. ಅದು ಪತ್ರಿಕೆಯೊಂದಕ್ಕೆ ಸಿಕ್ಕಿದ್ದರಿಂದ ಬೆಳಕಿಗೆ ಬಂತು. ಒಳ್ಳೆಯ ಕೆಲಸವನ್ನೂ ನೋಡೋಣ. 2012ರ ಜುಲೈ 26ರಂದು ತ್ರಿಶೆ ನಂತರ ಆ ಬ್ಯಾಂಕಿನ ಅಧ್ಯಕ್ಷರಾಗಿದ್ದ ಮಾರಿಯೋ ದ್ರಾಗಿ ಲಂಡನ್ನಿನಲ್ಲಿ ನಿಂತು, ಯೂರೋ ಉಳಿಸಲು ನಮ್ಮ ಅಧಿಕಾರದೊಳಗೆ ಏನು ಬೇಕಾದರೂ ಮಾಡುತ್ತೇವೆ ಎಂದರು. ಆ ಒಂದು ಮಾತಿಗೆ ಸಾಲದ ಬಡ್ಡಿ ಇಳಿಯತೊಡಗಿತು. ನಾನು ಅದನ್ನು ಮೆಚ್ಚುತ್ತೇನೆ. ಮೆಚ್ಚಿದ ಮೇಲೂ ಕೇಳದಿರಲಾರೆ: 2012ರಲ್ಲಿ ಆಡಬಹುದಾಗಿದ್ದ ಮಾತನ್ನು 2010ರಲ್ಲಿ ಏಕೆ ಆಡಲಿಲ್ಲ? ನಡುವಿನ ಎರಡು ವರ್ಷದಲ್ಲಿ ಹೋದ ಕೆಲಸಗಳಿಗೆ, ಮುಚ್ಚಿದ ಅಂಗಡಿಗಳಿಗೆ ಉತ್ತರ ಕೊಡಬೇಕಾದವರು ಯಾರು?

ಇದೆಲ್ಲ ಪರದೇಶದ ಸುದ್ದಿ, ನಮಗೇಕೆ ಎಂದು ತಾವು ಕೇಳಲಿಲ್ಲ, ಅದು ತಮ್ಮ ದೊಡ್ಡತನ. "ನಮ್ಮಲ್ಲೂ ಇದ್ದಿದ್ದರೆ" ಎಂದು ತಾವೇ ಬಾಗಿಲು ತೆರೆದಿದ್ದರಿಂದ ನಾನೂ ಒಳಗೆ ಬರುತ್ತೇನೆ. ನಮ್ಮ ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿಯಲ್ಲಿ ಆರು ಮಂದಿ. ಬಡ್ಡಿ ದರ ತೀರ್ಮಾನಿಸಿದ ಹದಿನಾಲ್ಕನೆಯ ದಿನಕ್ಕೆ ಯಾರು ಯಾವ ಕಡೆ ಮತ ಹಾಕಿದರು, ಏಕೆ ಹಾಕಿದರು ಎಂಬುದನ್ನು ಹೆಸರಿನ ಸಮೇತ ಪ್ರಕಟಿಸಬೇಕೆಂದು ಕಾನೂನೇ ಇದೆ. ಫ್ರಾಂಕ್‌ಫರ್ಟಿನಲ್ಲಿರುವ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ 2015ರಿಂದ ಚರ್ಚೆಯ ಸಾರ ಕೊಡುತ್ತದೆ. ಯಾರ ಮತ ಯಾವ ಕಡೆ ಎಂದು ಇವತ್ತಿಗೂ ಹೇಳುವುದಿಲ್ಲ. ಈ ವಿಷಯದಲ್ಲಿ ನಾವು ಅವರಿಗಿಂತ ಮುಂದೆ, ಇದು ನನಗೆ ಹೆಮ್ಮೆ. ಆದರೆ ಅದೇ ಕಾನೂನಿನ ಪ್ರಕಾರ ಹಣದುಬ್ಬರ ಸತತ ಮೂರು ತ್ರೈಮಾಸಿಕ ಮಿತಿ ಮೀರಿದಾಗ, ಏಕೆ ಸೋತೆವೆಂದು ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ವರದಿ ಬರೆಯಬೇಕು. 2022ರ ನವೆಂಬರಿನಲ್ಲಿ ಮೊದಲ ಸಲ ಅಂಥ ವರದಿ ಹೋಯಿತು. ಅದನ್ನು ನಮಗೆ ತೋರಿಸಲಿಲ್ಲ. ಬೆಲೆ ಏರಿ ಕೈ ಸುಟ್ಟುಕೊಂಡವರು ನಾವು, ಕಾರಣ ಓದುವ ಹಕ್ಕು ನಮಗಿಲ್ಲ! 2023ರ ಮಾರ್ಚಿನಲ್ಲಿ ದೇಶದ ಸುಮಾರು 45 ಲಕ್ಷ ಕೋಟಿ ರೂಪಾಯಿಯ ಬಜೆಟ್ಟು ಲೋಕಸಭೆಯಲ್ಲಿ ಚರ್ಚೆಯೇ ಇಲ್ಲದೆ ಕೆಲವು ನಿಮಿಷಗಳಲ್ಲಿ ಅಂಗೀಕಾರವಾಯಿತು. ಗದ್ದಲ ಮಾಡಿದವರದ್ದು ತಪ್ಪೋ ಮುಗಿಸಿದವರದ್ದು ತಪ್ಪೋ ಎಂಬ ಜಗಳ ಒಂದು ಕಡೆ ಇರಲಿ. ಮರುದಿನ ಎಷ್ಟು ಕನ್ನಡ ಪತ್ರಿಕೆಗಳ ಮುಖಪುಟದಲ್ಲಿ ಅದು ಇತ್ತು? ನಾನು ಹುಡುಕಿದೆ, ಮುಖಪುಟದಲ್ಲಿ ಕಾಣಲಿಲ್ಲ. ಮಳೆ ಬಂತು, ಬೆಲೆ ಏರಿತು ಎಂದು ಒಂದೇ ಉಸಿರಿಗೆ ಬರೆಯುವ ಪತ್ರಿಕೋದ್ಯಮ ನಮ್ಮದಾಗಿದೆ. ಮಳೆಗೆ ಯಾರೂ ಠರಾವು ಮಾಡುವುದಿಲ್ಲ, ಬೆಲೆಯ ಹಿಂದೆ ಠರಾವು ಇರುತ್ತದೆ.

ಮಾತು ಎಲ್ಲಿಗೋ ಹೋಯಿತು. ತಮ್ಮ ಪ್ರಶ್ನೆಗೆ ಬರುತ್ತೇನೆ.

ಗ್ರೀಸ್ ಐಎಂಎಫಿನ ಸಾಲವನ್ನು 2022ರ ಏಪ್ರಿಲಿನಲ್ಲಿ ಅವಧಿಗೆ ಮುಂಚೆ ತೀರಿಸಿದ್ದು ನಿಜ. 2020ರಲ್ಲಿ ಒಟ್ಟು ಉತ್ಪನ್ನದ ಎರಡು ಪಟ್ಟು ಮೀರಿದ್ದ ಸಾಲ 2024ರ ಹೊತ್ತಿಗೆ ಒಂದೂವರೆ ಪಟ್ಟಿನ ಹತ್ತಿರಕ್ಕೆ ಇಳಿದಿದೆ, ಅದೂ ನಿಜ. ಆದರೆ ಆ ದೇಶದ ಆರ್ಥಿಕತೆಯ ನಾಲ್ಕರಲ್ಲೊಂದು ಭಾಗ ಆ ವರ್ಷಗಳಲ್ಲಿ ಕರಗಿಹೋಯಿತು. 2008ರಲ್ಲಿ ಇದ್ದ ಮಟ್ಟವನ್ನು 2024ರಲ್ಲೂ ಅದು ಮುಟ್ಟಿರಲಿಲ್ಲ. ಲಕ್ಷಗಟ್ಟಲೆ ಓದಿದ ಹುಡುಗರು ಊರು ಬಿಟ್ಟರು. ಇನ್ನೊಂದು ಸಂಗತಿಯನ್ನು ತಾವು ಬ್ಯಾಂಕಿನವರಾಗಿ ಗಮನಿಸಬೇಕು. ಗ್ರೀಸಿನ ಹಳೆಯ ಸಾಲವನ್ನು ಮೊದಲೇ ಕಡಿತಗೊಳಿಸದೆ 2012ರವರೆಗೆ ತಡ ಮಾಡಿದ್ದರಿಂದ ಸಾಲ ಕೊಟ್ಟಿದ್ದ ಖಾಸಗಿಯವರು ಮೆಲ್ಲಗೆ ಜಾರಿಕೊಂಡರು, ಅವರ ಹೊರೆ ಸಾರ್ವಜನಿಕರ ಹೆಗಲಿಗೆ ಬಂತು ಎಂದು ಐಎಂಎಫಿನ 2013ರ ವರದಿಯೇ ಹೇಳುತ್ತದೆ. ಕೆಟ್ಟ ಸಾಲ ಕೊಟ್ಟ ಬ್ಯಾಂಕು ತಪ್ಪಿಸಿಕೊಂಡು, ಜಾಮೀನೇ ಹಾಕದ ನೆರೆಯವನು ಕಂತು ಕಟ್ಟುವುದನ್ನು ತಾವು ತಮ್ಮ ಶಾಖೆಯಲ್ಲಿ ಒಪ್ಪುತ್ತಿದ್ದಿರಾ? ಒಪ್ಪುತ್ತಿರಲಿಲ್ಲ. ತಮ್ಮ ಕೈಬರಹವೇ ಅದನ್ನು ಹೇಳುತ್ತದೆ.

ತಂದೆ ತೀರಿಕೊಂಡ ಮೇಲೆ ಡೈರಿಯ ಹಳೆಯ ನಡಾವಳಿ ಪುಸ್ತಕವೊಂದು ರದ್ದಿಗೆ ಹೋಗುವುದಿತ್ತು, ಕೇಳಿ ತಂದು ಇಟ್ಟುಕೊಂಡಿದ್ದೇನೆ. ಆ ಸರ್ವ ಸದಸ್ಯರ ಸಭೆಯ ಪುಟದ ಜೆರಾಕ್ಸನ್ನು ತಮ್ಮ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದ್ದೇನೆ. ಅನುಮೋದಕರು ಎಂದಿರುವ ಕಡೆ ಒಂದು ಹೆಬ್ಬೆಟ್ಟಿನ ಗುರುತಿದೆ, ಶಾಯಿ ಸ್ವಲ್ಪ ಹರಡಿದೆ. ಅದನ್ನು ನೋಡಿಕೊಂಡು ಮತ್ತೆ ಬರೆಯಿರಿ, ಈ ಸಲ ಪೂರ್ತಿ ನಾಲ್ಕು ಪುಟವನ್ನೂ ಅಚ್ಚು ಹಾಕುತ್ತೇವೆ.